ಗೊರಕೆ ನಿಲ್ಲಿಸುವ ಸಾಧನ ಕೊಳ್ಳುವ ಮುಂಚೆ: ಸದ್ದು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡುವ ಬಗೆ

ಹೋದ ತಿಂಗಳು ಒಬ್ಬರು ಬಟ್ಟೆ ಚೀಲದ ತುಂಬ ಸಾಮಾನು ತಂದು ನನ್ನ ಮೇಜಿನ ಮೇಲೆ ಸುರಿದರು. ಮೂಗಿಗೆ ಸಿಕ್ಕಿಸುವ ಅಯಸ್ಕಾಂತದ ಕ್ಲಿಪ್ಪು, ಗದ್ದಕ್ಕೆ ಕಟ್ಟುವ ಪಟ್ಟಿ, ಬಿಸಿನೀರಲ್ಲಿ ಅದ್ದಿ ಹಲ್ಲಿಗೆ ಕಚ್ಚಿಕೊಳ್ಳುವ ರಬ್ಬರಿನ ಅಚ್ಚು, ಅರ್ಧ ಖಾಲಿಯಾದ ಮೂಗಿನ ಸ್ಪ್ರೇ, ಕಿರುಬೆರಳಿಗೆ ಹಾಕುವ ಉಂಗುರ. ‘ಒಟ್ಟು ಆರೂವರೆ ಸಾವಿರ ಆಗಿದೆ ಸರ್, ಗೊರಕೆ ಮಾತ್ರ ಇದ್ದ ಹಾಗೇ ಇದೆ’ ಅಂದರು. ಪಕ್ಕದ ಕೋಣೆಯ ಇಎನ್‌ಟಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಮೂಗು ಚೆನ್ನಾಗಿಯೇ ಇತ್ತು, ತೊಂದರೆ ಇದ್ದದ್ದು ನಾಲಿಗೆಯ ಬುಡದಲ್ಲಿ. ತಂದ ಐದು ಸಾಮಾನಿನಲ್ಲಿ ನಾಲ್ಕು ಆ ಜಾಗಕ್ಕೆ ಸಂಬಂಧವೇ ಇಲ್ಲದವು. ಐದನೆಯದಾದ ಹಲ್ಲಿನ ಅಚ್ಚು ಸರಿಯಾದ ಜಾಗದ್ದೇ, ಆದರೆ ಅವರ ದವಡೆಗೆ ಕೂತಿರಲಿಲ್ಲ. ಎರಡು ರಾತ್ರಿ ಹಾಕಿ ಒಸಡು ಹುಣ್ಣಾಗಿ ಬಿಟ್ಟಿದ್ದರು.

ನಾನು ಹಾಸನದಲ್ಲಿ ಸ್ಲೀಪ್ ಟೆಸ್ಟ್ ಮಾಡುವ ಟೆಕ್ನಿಷಿಯನ್. ರಾತ್ರಿ ಮನುಷ್ಯರು ಮಲಗಿದ ಮೇಲೆ ಅವರ ಉಸಿರು, ಎದೆಬಡಿತ, ರಕ್ತದ ಆಮ್ಲಜನಕ ಇವನ್ನೆಲ್ಲ ದಾಖಲು ಮಾಡುವುದು, ಡಾಕ್ಟರು ಬರೆದುಕೊಟ್ಟವರಿಗೆ ಮನೆಗೆ ಹೋಗಿ ಸಿಪ್ಯಾಪ್ ಅನ್ನುವ, ಮಾಸ್ಕಿನಿಂದ ಗಾಳಿ ಒತ್ತಿ ಗಂಟಲು ತೆರೆದಿಡುವ ಮೆಷಿನ್ ಹೊಂದಿಸಿಕೊಡುವುದು ನನ್ನ ಕೆಲಸ. ಔಷಧಿ ಬರೆಯುವವನು ನಾನಲ್ಲ. ಆದರೆ ಹೊಲದ ಮೋಟರು ಸದ್ದು ಮಾಡಿದರೆ ನಾವು ಮೊದಲು ಏನು ಮಾಡುತ್ತೀವಿ? ಬೇರಿಂಗ್ ಹೋಗಿದೆಯಾ, ಫುಟ್‌ವಾಲ್ವ್ ಗಾಳಿ ಎಳೀತಿದೆಯಾ ಅಂತ ಕಿವಿಕೊಟ್ಟು ಕೇಳುತ್ತೀವಿ. ಕೇಳದೆ ಅಂಗಡಿಗೆ ಹೋಗಿ ಸಿಕ್ಕ ಪಾರ್ಟ್ ತರುವುದಿಲ್ಲ. ಗೊರಕೆಯ ವಿಷಯದಲ್ಲಿ ಮಾತ್ರ ಎಲ್ಲರೂ ಅಂಗಡಿಯಿಂದಲೇ ಶುರು ಮಾಡುತ್ತಾರೆ. ಆ ಕ್ರಮ ತಿರುಗಿಸಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಗಾಳಿ ಹೋಗುವ ದಾರಿ ಹೀಗಿದೆ: ಮೂಗು, ಅದರ ಹಿಂದೆ ಮೃದು ಅಂಗುಳ, ಅದರ ತುದಿಯಲ್ಲಿ ಜೋತಾಡುವ ಕಿರುನಾಲಿಗೆ, ಆಮೇಲೆ ನಾಲಿಗೆಯ ಬುಡ, ಗಂಟಲು. ಎಚ್ಚರ ಇರುವಾಗ ಇಲ್ಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿ ತೆರೆದಿರುತ್ತದೆ. ನಿದ್ದೆ ಹತ್ತಿದ ಮೇಲೆ ಸಡಿಲವಾಗುತ್ತವೆ, ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ರಭಸದಿಂದ ನುಗ್ಗಿದಾಗ ಅಂಗುಳ, ಕಿರುನಾಲಿಗೆ, ಗಂಟಲಿನ ಗೋಡೆ ಅದುರುತ್ತವೆ. ಆ ಅದುರುವ ಸದ್ದೇ ಗೊರಕೆ. ಎಲ್ಲಿ ಕಿರಿದಾಗಿದೆ ಅಂತ ಗೊತ್ತಾದರೆ ಯಾವ ಸಾಧನ ಬೇಕು ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಮೊದಲು ಮೂರು ರಾತ್ರಿಯ ಸದ್ದು ಹಿಡಿಯಿರಿ

ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಕೇಳುತ್ತದೆ, ಆದರೆ ಅವರು ಅರೆನಿದ್ದೆಯಲ್ಲಿ ಇರುತ್ತಾರೆ, ಬೆಳಿಗ್ಗೆ ಹೇಳುವಾಗ ಬರೀ ‘ತುಂಬ ಜೋರು’ ಅಂತ ಹೇಳುತ್ತಾರೆ. ಅದರಿಂದ ಏನೂ ಪತ್ತೆಯಾಗುವುದಿಲ್ಲ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಚಾರ್ಜಿಗೆ ಇಟ್ಟು, ದಿಂಬಿನಿಂದ ಒಂದು ಕೈ ದೂರದಲ್ಲಿ ಇಡಿ. ರಾತ್ರಿಯಿಡೀ ಸದ್ದು ರೆಕಾರ್ಡ್ ಮಾಡುವ ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ಒಂದು ರಾತ್ರಿ ಎಂದಿನಂತೆ ಮಲಗಿ. ಇನ್ನೊಂದು ರಾತ್ರಿ ಮಗ್ಗುಲಾಗಿ ಮಲಗಿ. ಮೂರನೇ ರಾತ್ರಿ ಬೇಗ ಊಟ ಮಾಡಿ, ಕುಡಿಯುವ ಅಭ್ಯಾಸ ಇದ್ದರೆ ಅವತ್ತು ಬಿಟ್ಟು ಮಲಗಿ. ಬೆಳಿಗ್ಗೆ ಪೂರ್ತಿ ಕೇಳಬೇಕಾಗಿಲ್ಲ. ಸದ್ದಿನ ಗೆರೆ ಎತ್ತರವಿರುವ ಕಡೆ ಬೆರಳಿಟ್ಟು ಐದಾರು ಜಾಗ ಕೇಳಿ. ಗೆರೆ ಎತ್ತರಕ್ಕೆ ಹೋಗಿ ಇದ್ದಕ್ಕಿದ್ದಂತೆ ಸಪಾಟಾದ ಕಡೆಯೂ ತಪ್ಪದೆ ಕೇಳಿ.

ಗರಗಸದ ಹಾಗೆ ಒಂದೇ ಸಮ ಎಳೆಯುತ್ತಿದ್ದರೆ, ನಡುವೆ ಉಸಿರು ಎಲ್ಲೂ ತಡೆಯದಿದ್ದರೆ, ಅದು ಬರೀ ಗೊರಕೆ ಆಗಿರುವ ಸಾಧ್ಯತೆ ಹೆಚ್ಚು. ಬಾಯಿ ಮುಚ್ಚಿಯೇ ಇದ್ದು ಸಿಳ್ಳೆಯಂಥ ಸದ್ದು ಬರುತ್ತಿದ್ದರೆ ಮೂಗಿನ ಕಡೆ ನೋಡಿ. ಸದ್ದು ಏರುತ್ತ ಏರುತ್ತ ಹೋಗಿ, ಥಟ್ಟನೆ ನಿಂತು, ಹತ್ತೋ ಇಪ್ಪತ್ತೋ ಸೆಕೆಂಡು ಏನೂ ಇಲ್ಲದೆ, ಆಮೇಲೆ ಉಸಿರು ಕಟ್ಟಿದವರು ಏದುಸಿರು ಬಿಟ್ಟ ಹಾಗೆ ‘ಖ್ಹಕ್’ ಅಂತ ಮತ್ತೆ ಶುರುವಾದರೆ, ಇಲ್ಲಿಗೇ ನಿಲ್ಲಿ. ಯಾವ ಸಾಧನವನ್ನೂ ಆರ್ಡರ್ ಮಾಡಬೇಡಿ. ಮುಂದಿನ ಭಾಗ ಓದಿ.

ಉಸಿರು ನಿಲ್ಲುತ್ತಿದ್ದರೆ

ಸಕಲೇಶಪುರದ ಕಡೆಯ ಒಬ್ಬ ಲಾರಿ ಮಾಲೀಕರು, ಅವರೇ ಡ್ರೈವರು, ವಯಸ್ಸು 48. ಶಿರಾಡಿ ಘಾಟಿಯಲ್ಲಿ ವಾರಕ್ಕೆ ಮೂರು ಸಲ ಹತ್ತಿ ಇಳಿಯುವವರು. ಅವರಿಗೆ ಬರಲು ಇಷ್ಟವಿರಲಿಲ್ಲ, ಹೆಂಡತಿ ಕರೆದುಕೊಂಡು ಬಂದಿದ್ದರು. ಆಯಮ್ಮ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: ‘ಗೊರಕೆ ಹೊಡ್ಕೊಳ್ಳಿ ಅಣ್ಣಾ, ಅದಕ್ಕೆ ನಾನು ಹೊಂದ್ಕೊಂಡು ಇಪ್ಪತ್ತು ವರ್ಷ ಆಯ್ತು. ನಮ್ಮೆಜಮಾನ್ರದು ಸದ್ದು ನಿಂತಾಗ್ಲೇ ನನ್ಗೆ ಎಚ್ಚರ ಆಗೋದು. ಎದ್ದು ಕೂತ್ಕೊಂಡು ಎಣಿಸ್ತೀನಿ. ಒಂದೊಂದ್ಸಲ ಮೂವತ್ತಾದ್ರೂ ಉಸಿರು ಬರಲ್ಲ. ಭುಜ ಹಿಡಿದು ಅಲ್ಲಾಡಿಸ್ತೀನಿ.’

ಇದಕ್ಕೆ ಸ್ಲೀಪ್ ಆ್ಯಪ್ನಿಯಾ ಅಂತಾರೆ. ದಾರಿ ಕಿರಿದಾಗುವುದಷ್ಟೇ ಅಲ್ಲ, ಪೂರ್ತಿ ಮುಚ್ಚಿಹೋಗುತ್ತದೆ. 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಗಾಳಿ ನಿಂತರೆ ಅದನ್ನು ಒಂದು ಅಂತ ಲೆಕ್ಕ ಹಾಕುತ್ತೇವೆ. ಪೂರ್ತಿ ನಿಂತದ್ದು, ಅರ್ಧಂಬರ್ಧ ನಿಂತದ್ದು ಎರಡನ್ನೂ ಕೂಡಿಸಿ ಗಂಟೆಗೆ ಎಷ್ಟು ಸಲ ಅಂತ ನೋಡುತ್ತೇವೆ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಅವರದು 52 ಇತ್ತು. ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಸಲ ಆ ಮನುಷ್ಯನ ಮೆದುಳು ಬೆಚ್ಚಿಬಿದ್ದು ಉಸಿರಿಗಾಗಿ ಎಚ್ಚರಾಗುತ್ತಿತ್ತು. ಬೆಳಿಗ್ಗೆ ಅವರಿಗೆ ಒಂದೂ ನೆನಪಿರುತ್ತಿರಲಿಲ್ಲ. ‘ಹಾಸಿಗೆಗೆ ಬಿದ್ದ ತಕ್ಷಣ ನಿದ್ದೆ ಬರುತ್ತೆ, ಕುಂಭಕರ್ಣನ ನಿದ್ದೆ ನಂದು’ ಅಂತ ಹೆಮ್ಮೆಯಿಂದಲೇ ಹೇಳಿಕೊಂಡಿದ್ದರು. ಗೊರಕೆ ಅಂದರೆ ಗಾಢ ನಿದ್ದೆ ಅಂತ ನಮ್ಮ ಮನೆಗಳಲ್ಲಿ ಬೇರೂರಿರುವ ನಂಬಿಕೆ ಎಷ್ಟು ಜನರ ಬಿ.ಪಿ. ಏರಿಸಿದೆಯೋ.

ಟೆಸ್ಟ್ ಬೇಕಾ ಬೇಡವಾ ಅಂತ ತಿಳಿಯಲು ಡಾಕ್ಟರುಗಳು ಕೇಳುವ ಎಂಟು ಪ್ರಶ್ನೆಗಳಿವೆ. ಮುಚ್ಚಿದ ಬಾಗಿಲಾಚೆಗೂ ಕೇಳುವಷ್ಟು ಗೊರಕೆಯಾ? ಹಗಲು ಸುಸ್ತು, ತೂಕಡಿಕೆ ಇದೆಯಾ? ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ? ಬಿ.ಪಿ. ಇದೆಯಾ? ತೂಕದ ಸೂಚ್ಯಂಕ, ಅಂದರೆ ಬಿಎಂಐ, 35 ದಾಟಿದೆಯಾ? ವಯಸ್ಸು 50 ದಾಟಿದೆಯಾ? ಕತ್ತಿನ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚಾ? ಗಂಡಸಾ? ಮೂರಕ್ಕೆ ಹೌದು ಅಂದರೆ ಡಾಕ್ಟರನ್ನು ನೋಡಬೇಕು. ಐದಕ್ಕೆ ಹೌದು ಅಂದರೆ ತಡಮಾಡಬಾರದು. ಕತ್ತಿನ ಅಳತೆಗೆ ಟೈಲರ್ ಟೇಪು ಸಾಕು. ಶರ್ಟಿನ ಮೇಲಿನ ಗುಂಡಿ ಹಾಕಲು ಆಗದೆ ಹೊಸ ಶರ್ಟು ಹೊಲಿಸಿದ ನೆನಪಿದ್ದರೆ ಅದೂ ಒಂದು ಸುಳಿವೇ.

ಹಗಲಿನ ತೂಕಡಿಕೆ ಅಳೆಯಲು ಇನ್ನೊಂದು ಪಟ್ಟಿ ಇದೆ. ಮೆಲ್ಬರ್ನಿನ ಡಾಕ್ಟರ್ ಮರ್ರೆ ಜಾನ್ಸ್ 1991ರಲ್ಲಿ ಮಾಡಿದ್ದು. ಓದುವಾಗ, ಟಿ.ವಿ. ನೋಡುವಾಗ, ಒಂದು ಗಂಟೆ ಪ್ರಯಾಣಿಕರಾಗಿ ಕೂತಾಗ, ಊಟವಾಗಿ ಸುಮ್ಮನೆ ಕೂತಾಗ, ಯಾರದೋ ಜೊತೆ ಕೂತು ಮಾತಾಡುವಾಗ, ಹೀಗೆ ಎಂಟು ಸಂದರ್ಭ. ಪ್ರತಿಯೊಂದಕ್ಕೂ ತೂಕಡಿಸುವ ಸಾಧ್ಯತೆ ಎಷ್ಟು ಅಂತ 0ಯಿಂದ 3ರ ತನಕ ಅಂಕ. ಒಟ್ಟು 24ರಲ್ಲಿ 10 ದಾಟಿದರೆ ಹೆಚ್ಚಿನ ತೂಕಡಿಕೆ. ಲಾರಿ ಅಣ್ಣ ಮೊದಲು 6 ಅಂತ ಬರೆದರು. ಹೆಂಡತಿ ಪೆನ್ನು ಕಸಿದುಕೊಂಡು ತಿದ್ದಿದ ಮೇಲೆ 17 ಆಯಿತು. ಆದ್ದರಿಂದ ಈ ಪಟ್ಟಿಯನ್ನು ಒಬ್ಬರೇ ಕೂತು ತುಂಬಬೇಡಿ. ಮತ್ತೆ, ಸ್ಟೀರಿಂಗ್ ಮುಂದೆ ಒಮ್ಮೆ ಕಣ್ಣು ಮುಚ್ಚಿದ್ದರೂ ಸಾಕು, ಅಂಕ ಎಷ್ಟೇ ಇರಲಿ, ಚಿಕಿತ್ಸೆ ಶುರುವಾಗುವ ತನಕ ಗಾಡಿ ಬೇರೆಯವರ ಕೈಗೆ ಕೊಡಿ.

ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರು ಮನೆಮನೆಯಲ್ಲೂ ಇದೆ. ಹಗಲು ಬೆರಳಿಗೆ ಸಿಕ್ಕಿಸಿ 98 ತೋರಿಸಿತು, ನನಗೇನೂ ಇಲ್ಲ ಅನ್ನುವವರು ಬಹಳ. ಎಚ್ಚರ ಇರುವಾಗಿನ ಅಂಕಿ ಇಲ್ಲಿ ಲೆಕ್ಕಕ್ಕಿಲ್ಲ. ನಿದ್ದೆಯಲ್ಲಿ ಇಳಿದು ಏರುವುದನ್ನು ರಾತ್ರಿಯಿಡೀ ದಾಖಲಿಸಿದರೆ ಮಾತ್ರ ಉಪಯೋಗ. ಅದಕ್ಕೆ ಟೆಸ್ಟೇ ಬೇಕು. ಈಗ ಮನೆಯಲ್ಲೇ ಮಾಡುವ ಟೆಸ್ಟ್ ಇದೆ: ಮೂಗಿಗೆ ಒಂದು ಕೊಳವೆ, ಎದೆಗೆ ಒಂದು ಬೆಲ್ಟು, ಬೆರಳಿಗೆ ಒಂದು ಸೆನ್ಸರ್. ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇರುವವರಿಗೆ ಲ್ಯಾಬಿನಲ್ಲಿ ಮಲಗಿಸಿ ಮಾಡುವ ಪೂರ್ಣ ಟೆಸ್ಟ್ ಬೇಕಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗಳಲ್ಲಿ ಅದಿದೆ, ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆಗಳಿಗೂ ಬಂದಿದೆ.

ಉಸಿರು ನಿಲ್ಲದ ಗೊರಕೆ: ಮೂಗಿನಿಂದ ಶುರು ಮಾಡಿ

ಕನ್ನಡಿ ಮುಂದೆ ನಿಂತು ಒಂದು ಹೊಳ್ಳೆಯನ್ನು ಬೆರಳಿಂದ ಒತ್ತಿ, ಬಾಯಿ ಮುಚ್ಚಿ, ಇನ್ನೊಂದರಲ್ಲಿ ಉಸಿರೆಳೆಯಿರಿ. ಎಳೆದಾಗ ಹೊಳ್ಳೆಯ ಗೋಡೆ ಒಳಕ್ಕೆ ಕುಸಿಯುತ್ತದಾ ನೋಡಿ. ಆಮೇಲೆ ಮೂಗಿನ ಪಕ್ಕದ ಕೆನ್ನೆಯನ್ನು ಎರಡು ಬೆರಳಲ್ಲಿ ಕಿವಿಯ ಕಡೆ ಮೆಲ್ಲನೆ ಎಳೆದು ಹಿಡಿದು ಮತ್ತೆ ಉಸಿರಾಡಿ. ಥಟ್ಟನೆ ಹಗುರವಾಯಿತು ಅನ್ನಿಸಿದರೆ ಮೂಗಿನ ಮೇಲೆ ಅಂಟಿಸುವ ಪಟ್ಟಿ, ಇಲ್ಲವೇ ಹೊಳ್ಳೆಯೊಳಗೆ ಇಡುವ ಮೆತ್ತನೆಯ ಅಗಲಿಸುವ ಸಾಧನ ನಿಮಗೆ ಕೆಲಸ ಮಾಡಬಹುದು. ಪಟ್ಟಿ ಹಚ್ಚುವ ಮುಂಚೆ ಸೋಪಿನಿಂದ ಮುಖ ತೊಳೆದು ಒರೆಸಿ. ಎಣ್ಣೆ ಜಿಡ್ಡಿನ ಮೇಲೆ ಅದು ನಡುರಾತ್ರಿಗೆ ಬಿಟ್ಟುಕೊಳ್ಳುತ್ತದೆ. ಹತ್ತು ಪಟ್ಟಿಯ ಪೊಟ್ಟಣ ತಂದು ನೋಡಿ, ಮೂವತ್ತರದ್ದು ಬೇಡ.

ಎಳೆದು ಹಿಡಿದರೂ ವ್ಯತ್ಯಾಸ ಇಲ್ಲ, ಮೂಗು ಯಾವಾಗಲೂ ಕಟ್ಟಿದ ಹಾಗೆ, ಬೆಳಿಗ್ಗೆ ಎದ್ದರೆ ಸಾಲು ಸೀನು ಅನ್ನುವವರದ್ದು ಅಲರ್ಜಿ ಇರಬಹುದು. ಇಲ್ಲಿ ಒಂದು ತಪ್ಪನ್ನು ದಿನಾ ನೋಡುತ್ತೇನೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ತಕ್ಷಣ ಕೊಡುವ, ಎರಡೇ ನಿಮಿಷದಲ್ಲಿ ಮೂಗು ತೆರೆಸುವ ಹನಿಗಳಿವೆಯಲ್ಲ, ಕ್ಸೈಲೋಮೆಟಝೋಲಿನ್, ಆಕ್ಸಿಮೆಟಝೋಲಿನ್ ಅಂತ ಬಾಟಲಿ ಮೇಲೆ ಬರೆದಿರುತ್ತದೆ. ಅದು ನೆಗಡಿಯಾದಾಗ ನಾಲ್ಕೈದು ದಿನಕ್ಕೆ ಮಾತ್ರ. ತಿಂಗಳುಗಟ್ಟಲೆ ಹಾಕಿದರೆ ಹನಿಯ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ, ಮತ್ತೆ ಹನಿ ಬೇಕಾಗುತ್ತದೆ. ನನ್ನ ಮುಂದೆ ಸಾಮಾನು ಸುರಿದವರ ಸ್ಪ್ರೇ ಕೂಡ ಇದೇ. ಅಲರ್ಜಿಗೆ ಡಾಕ್ಟರು ಬರೆಯುವ ಸ್ಟೀರಾಯ್ಡ್ ಸ್ಪ್ರೇ ಬೇರೆ. ಅದು ಹಾಕಿದ ದಿನವೇ ಫಲ ಕೊಡುವುದಿಲ್ಲ, ಬಿಡದೆ ಹಾಕುತ್ತ ಒಂದೆರಡು ವಾರ ಕಾಯಬೇಕು. ಹಾಕುವ ರೀತಿಯೂ ಮುಖ್ಯ: ತಲೆ ಸ್ವಲ್ಪ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿಯ ಕಡೆ ತಿರುಗಿರಲಿ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ, ಔಷಧಿಯೂ ಹತ್ತುವುದಿಲ್ಲ.

ಮೂಗಿನ ನಡುಗೋಡೆ ಡೊಂಕಾಗಿದ್ದರೆ ಆಪರೇಷನ್ನಿನಿಂದ ಉಸಿರಾಟ ಸಲೀಸಾಗುತ್ತದೆ. ಗೊರಕೆಯೂ ಹೋಗಿಯೇಬಿಡುತ್ತದೆ ಅಂತ ಎಣಿಸಿ ಟೇಬಲ್ ಹತ್ತಬೇಡಿ, ಅದುರುವುದು ಅಂಗುಳವೇ ಆಗಿದ್ದರೆ ಸದ್ದು ಉಳಿಯಬಹುದು.

ನಾಲಿಗೆಯದಾ, ಬಾಯಿಯದಾ?

ಎಚ್ಚರದಲ್ಲೇ ಮಾಡಿ ನೋಡಬಹುದಾದ ಎರಡು ಅಂದಾಜು ಪರೀಕ್ಷೆಗಳಿವೆ. ಬಾಯಿ ತೆರೆದು ಬೇಕಂತಲೇ ಗೊರಕೆಯ ಸದ್ದು ಮಾಡಿ. ಈಗ ಬಾಯಿ ಮುಚ್ಚಿ ಅದೇ ಸದ್ದು ಮಾಡಿ. ಬಾಯಿ ತೆರೆದಾಗ ಮಾತ್ರ ಬಂದರೆ ನೀವು ಬಾಯಲ್ಲಿ ಉಸಿರಾಡುತ್ತ ಗೊರಕೆ ಹೊಡೆಯುವವರು ಇರಬಹುದು. ಎದ್ದಾಗ ಬಾಯಿ ಒಣಗಿರುವುದು, ದಿಂಬಿನ ಮೇಲೆ ಜೊಲ್ಲಿನ ಕಲೆ ಇರುವುದು ಇದರ ಜೊತೆಗಾರರು. ಎರಡನೆಯದು, ನಾಲಿಗೆಯನ್ನು ಆದಷ್ಟು ಹೊರಚಾಚಿ ಹಲ್ಲಿನ ನಡುವೆ ಹಿಡಿದು ಗೊರಕೆಯ ಸದ್ದು ಮಾಡಿ. ಸದ್ದು ಕುಗ್ಗಿದರೆ, ಇಲ್ಲವೇ ಕೆಳದವಡೆಯನ್ನು ಮುಂದೆ ತಳ್ಳಿದಾಗ ಸದ್ದು ಮಾಡಲಿಕ್ಕೇ ಆಗದಿದ್ದರೆ, ನಾಲಿಗೆಯ ಬುಡ ಹಿಂದಕ್ಕೆ ಬೀಳುತ್ತಿದೆ ಅಂತ ಸುಳಿವು.

ಇಂಥವರಿಗೆ ದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ ಇದೆ. ಮೇಲಿನ ಸಾಲಿಗೊಂದು ಕೆಳಗಿನ ಸಾಲಿಗೊಂದು ಅಚ್ಚು, ಎರಡನ್ನೂ ಸೇರಿಸುವ ಕೊಂಡಿ. ಕೆಳದವಡೆ ಮುಂದೆ ಬಂದರೆ ಅದರ ಜೊತೆ ನಾಲಿಗೆಯೂ ಬರುತ್ತದೆ, ಹಿಂದೆ ಜಾಗ ಆಗುತ್ತದೆ. ಸೌಮ್ಯ, ಮಧ್ಯಮ ಆ್ಯಪ್ನಿಯಾಕ್ಕೂ ಡಾಕ್ಟರುಗಳು ಇದನ್ನು ಹೇಳುತ್ತಾರೆ. ಆದರೆ ಇದನ್ನು ಹಲ್ಲಿನ ಡಾಕ್ಟರ ಹತ್ತಿರ ಅಳತೆ ಕೊಟ್ಟು ಮಾಡಿಸಿ. ಬಿಸಿನೀರಲ್ಲಿ ಅದ್ದಿ ಕಚ್ಚುವ ಅಗ್ಗದ ಅಚ್ಚು ಈ ಉಪಾಯ ಸರಿಹೋಗುತ್ತದಾ ಅಂತ ನೋಡಲು ನಾಲ್ಕು ದಿನಕ್ಕೆ ಸರಿ, ವರ್ಷಗಟ್ಟಲೆ ಹಾಕಲು ಅಲ್ಲ. ಡಾಕ್ಟರು ಮಾಡಿದ್ದರಲ್ಲಿ ಮಿಲಿಮೀಟರಿನ ಲೆಕ್ಕದಲ್ಲಿ ವಾರವಾರಕ್ಕೂ ಸ್ವಲ್ಪ ಸ್ವಲ್ಪ ಮುಂದೆ ತರಲು ತಿರುಪು ಇರುತ್ತದೆ. ಒಂದೇ ಸಲ ಪೂರ್ತಿ ತಳ್ಳಿದರೆ ಕಿವಿಯ ಮುಂದಿನ ಕೀಲು ನೋಯುತ್ತದೆ. ಹಲ್ಲುಸೆಟ್ಟು ಹಾಕಿಕೊಂಡವರಿಗೆ, ಹಲ್ಲು ಅಲ್ಲಾಡುವವರಿಗೆ, ದವಡೆ ಕೀಲು ಆಗಲೇ ಕಟಕಟ ಅನ್ನುವವರಿಗೆ ಇದು ಹೊಂದುವುದಿಲ್ಲ. ಹಲ್ಲಿಲ್ಲದವರಿಗೆ ನಾಲಿಗೆಯನ್ನು ಮೆತ್ತನೆಯ ಬುಗ್ಗೆಯೊಳಗೆ ಹೀರಿ ಮುಂದೆ ಹಿಡಿದಿಡುವ ಸಾಧನ ಇದೆ. ಎಲ್ಲರಿಗೂ ಅದು ಒಗ್ಗುವುದಿಲ್ಲ. ದವಡೆಯ ಸಾಧನ ಹಾಕುವವರಿಗೆ ವರ್ಷಗಳು ಕಳೆದ ಹಾಗೆ ಹಲ್ಲಿನ ಕಚ್ಚು ಸ್ವಲ್ಪ ಬದಲಾಗಬಹುದು, ಆದ್ದರಿಂದ ಆರು ತಿಂಗಳಿಗೊಮ್ಮೆಯಾದರೂ ತೋರಿಸುತ್ತಿರಬೇಕು.

ಬಾಯಿಗೆ ಟೇಪು ಅಂಟಿಸಿ ಮಲಗುವ ವಿಡಿಯೋಗಳು ಈಗ ಎಲ್ಲರ ಫೋನಿನಲ್ಲೂ ಇವೆ. ಬಾಯಿ ತೆರೆಯುವುದು ಮೂಗು ಕಟ್ಟಿದ್ದಕ್ಕೆ. ಕಟ್ಟಿದ ಮೂಗಿನ ಕೆಳಗೆ ಬಾಯಿಯನ್ನೂ ಮುಚ್ಚಿದರೆ ಉಸಿರು ಎಲ್ಲಿಂದ ಬರಬೇಕು? ದಯವಿಟ್ಟು ಮಾಡಬೇಡಿ.

ಬೆನ್ನಡಿ ಮಲಗಿದಾಗ ಮಾತ್ರವಾ?

ಎರಡನೇ ರಾತ್ರಿಯ ರೆಕಾರ್ಡಿಂಗ್ ಮೌನವಾಗಿತ್ತು ಅನ್ನುವವರು ಪುಣ್ಯವಂತರು, ಖರ್ಚು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹಳೆಯ ಟೀ ಶರ್ಟಿನ ಬೆನ್ನ ಮೇಲೆ, ಎರಡು ಭುಜದೆಲುಬಿನ ನಡುವೆ, ಒಂದು ಜೇಬು ಹೊಲಿಸಿ. ಹುಡುಗರು ಕ್ರಿಕೆಟ್ ಆಡುವ ಟೆನಿಸ್ ಚೆಂಡು ಅದರೊಳಗೆ ಹಾಕಿ ಮಲಗಿ. ನಿದ್ದೆಯಲ್ಲಿ ಹೊರಳಿ ಬೆನ್ನಡಿಯಾದಾಗ ಚೆಂಡು ಒತ್ತುತ್ತದೆ, ಎಚ್ಚರಾಗದೆಯೇ ಮತ್ತೆ ಮಗ್ಗುಲಾಗುತ್ತೀರಿ. ಅರೆನಿದ್ದೆಯಲ್ಲಿ ಚೆಂಡು ತೆಗೆದು ಎಸೆಯುವವರಿದ್ದಾರೆ, ಅವರು ಜೇಬಿನ ಬಾಯಿಯನ್ನೂ ಹೊಲಿದುಬಿಡಲಿ.

ತಲೆ ಎತ್ತರ ಮಾಡಲು ದಿಂಬಿನ ಮೇಲೆ ದಿಂಬು ಇಡುವುದು ತಪ್ಪು. ಕತ್ತು ಮಡಚಿಕೊಂಡು ಗಂಟಲು ಇನ್ನೂ ಇರುಕಾಗುತ್ತದೆ. ಮಂಚದ ತಲೆಕಡೆಯ ಎರಡು ಕಾಲಿನ ಕೆಳಗೆ ಅಲ್ಲಾಡದಂತೆ ಒಂದೊಂದು ಇಟ್ಟಿಗೆ ಇಡಿ, ಇಡೀ ಮೈ ಇಳಿಜಾರಾಗಿರಲಿ. ರಾತ್ರಿ ಹುಳಿತೇಗು ಬರುವವರಿಗೆ ಇದರಿಂದ ಆ ತೊಂದರೆಯೂ ತಗ್ಗುತ್ತದೆ.

ದೇಹದ ಒಳಗಿನ ಕಾರಣಗಳು

ತೂಕದ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾಗಾಗಿ ನಾನು ಒಂದೇ ಅಂಕಿ ಕೊಡುತ್ತೇನೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೂರಾರು ಜನರನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ನೂರಕ್ಕೆ 10ರಷ್ಟು ಇಳಿದಾಗ ಉಸಿರು ನಿಲ್ಲುವ ಸಂಖ್ಯೆ ನೂರಕ್ಕೆ 26ರಷ್ಟು ಇಳಿಯುತ್ತದೆ ಅನ್ನುವ ಅಂದಾಜು ಸಿಕ್ಕಿತು. 80 ಕಿಲೋ ಇರುವವರಿಗೆ 8 ಕಿಲೋ. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ 2024ರ ಡಿಸೆಂಬರ್‌ನಲ್ಲಿ ಆ್ಯಪ್ನಿಯಾ ಚಿಕಿತ್ಸೆಗೆಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆ್ಯಪ್ನಿಯಾ ಇರುವವರಿಗೆ, ಬರೀ ಗೊರಕೆಗೆ ಅಲ್ಲ.

ಮದ್ಯ ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲ ಮಾಡುತ್ತದೆ, ಮಲಗುವ ಮುಂಚಿನ ನಾಲ್ಕು ಗಂಟೆ ಬೇಡವೇ ಬೇಡ. ಕೆಲವು ನಿದ್ದೆ ಮಾತ್ರೆಗಳೂ ಹಾಗೆಯೇ. ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದ ಡಾಕ್ಟರಿಗೆ ಗೊರಕೆಯ ವಿಷಯ ತಿಳಿಸಿ. ಇನ್ನು, ಹೆಂಗಸರ ಗೊರಕೆ. ಮುಟ್ಟು ನಿಂತ ಮೇಲೆ ಗೊರಕೆ ಶುರುವಾದ ಎಷ್ಟೋ ತಾಯಂದಿರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ, ಮದುವೆ ಮನೆಗೆ ಹೋದರೆ ರಾತ್ರಿಯಿಡೀ ಎದ್ದು ಕೂತಿರುತ್ತಾರೆ. ಮುಟ್ಟು ನಿಂತ ಮೇಲೆ ಆ್ಯಪ್ನಿಯಾದ ಸಾಧ್ಯತೆ ಹೆಂಗಸರಲ್ಲೂ ಏರುತ್ತದೆ. ಜೊತೆಗೆ ಸುಸ್ತು, ಚಳಿ ತಡೆಯದಿರುವುದು, ಒಣ ಚರ್ಮ ಇದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಬೇಕು. ಬಸುರಿಯಲ್ಲಿ ಹೊಸದಾಗಿ ಗೊರಕೆ ಬಂದರೆ, ಅದರ ಜೊತೆ ಬಿ.ಪಿ. ಏರಿದರೆ, ಮುಂದಿನ ತಪಾಸಣೆಗೆ ಕಾಯದೆ ಡಾಕ್ಟರಿಗೆ ಹೇಳಿ.

ಮಕ್ಕಳ ಗೊರಕೆಗೆ ಈ ಕೈಪಿಡಿಯ ಯಾವ ಸಾಧನವೂ ಅಲ್ಲ. ವಾರದಲ್ಲಿ ಮೂರ್ನಾಲ್ಕು ರಾತ್ರಿ ಗೊರಕೆ, ಬಾಯಿ ತೆರೆದು ನಿದ್ದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರು, ಕ್ಲಾಸಿನಲ್ಲಿ ಒಂದು ಕಡೆ ಕೂರಲ್ಲ ಅಂತ ಟೀಚರ ದೂರು. ಇಷ್ಟಿದ್ದರೆ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ದಪ್ಪವಾಗಿವೆಯಾ ಅಂತ ಇಎನ್‌ಟಿ ಡಾಕ್ಟರು ನೋಡಬೇಕು.

ವ್ಯಾಯಾಮ ಮತ್ತು ಶಂಖ

ಗಂಟಲು, ನಾಲಿಗೆಗೆ ವ್ಯಾಯಾಮ ಕೊಟ್ಟರೆ ಗೊರಕೆ ತಗ್ಗುತ್ತದೆ ಅನ್ನುವುದಕ್ಕೆ ಈಗ ಆಧಾರ ಇದೆ. ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲಿನ ಹಿಂದೆ ಒತ್ತಿ ಹಿಂದಕ್ಕೆ ಎಳೆಯುವುದು, ಇಡೀ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿ ಹಿಡಿಯುವುದು, ಬಾಯಿ ತೆರೆದು ‘ಆ’ ಅನ್ನುತ್ತ ಕಿರುನಾಲಿಗೆಯನ್ನು ಎತ್ತುವುದು, ಒಂದೊಂದೂ ಇಪ್ಪತ್ತು ಸಲ. ಸ್ವಿಜರ್‌ಲ್ಯಾಂಡಿನವರು ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜರಿಡೂ ಅನ್ನುವ ಉದ್ದ ಕೊಳವೆ ವಾದ್ಯ ಊದಿಸಿ ನಾಲ್ಕು ತಿಂಗಳಲ್ಲಿ ಫಲ ಕಂಡಿದ್ದರು. ನನಗೆ ಅದಕ್ಕಿಂತ ಹತ್ತಿರದ್ದು ಜೈಪುರದ ಪ್ರಯೋಗ. ಅಲ್ಲಿಯ ವೈದ್ಯರು ಮಧ್ಯಮ ಆ್ಯಪ್ನಿಯಾ ಇದ್ದ 30 ಜನರಲ್ಲಿ ಕೆಲವರಿಗೆ ಆರು ತಿಂಗಳು ಶಂಖ ಊದಿಸಿ, ಉಳಿದವರಿಗೆ ಬರೀ ದೀರ್ಘ ಉಸಿರಾಟ ಹೇಳಿಕೊಟ್ಟು, 2025ರಲ್ಲಿ ಪ್ರಕಟಿಸಿದರು. ಶಂಖ ಊದಿದವರಲ್ಲಿ ಹಗಲಿನ ತೂಕಡಿಕೆ ಮೂರನೇ ಒಂದು ಭಾಗ ಇಳಿಯಿತು, ಗಂಟೆಗೆ ಉಸಿರು ನಿಲ್ಲುವುದು ನಾಲ್ಕೈದು ಸಲ ಕಡಿಮೆಯಾಯಿತು. ಚಿಕ್ಕ ಪ್ರಯೋಗ, ನಿಜ. ಆದರೆ ನಮ್ಮೂರ ದಾಸಯ್ಯ ಜಾಗಟೆ ಬಾರಿಸುತ್ತ ಕೆನ್ನೆ ಉಬ್ಬಿಸಿ ಶಂಖ ಊದುವುದನ್ನು ನೆನೆದಾಗ ಆ ಸ್ನಾಯುಗಳಿಗೆ ಎಷ್ಟು ಕೆಲಸ ಸಿಗುತ್ತದೆ ಅಂತ ಅರ್ಥವಾಗುತ್ತದೆ. ಗ್ಲಾಕೋಮಾ ಅನ್ನುವ ಕಣ್ಣಿನ ರೋಗ, ಹರ್ನಿಯಾ ಇರುವವರು ಡಾಕ್ಟರನ್ನು ಕೇಳದೆ ಊದಬೇಡಿ. ಲಾರಿ ಅಣ್ಣನ ಹಾಗೆ ಗಂಟೆಗೆ 52 ಸಲ ಉಸಿರು ತಡೆಯುವವರು ಶಂಖವನ್ನೇ ನಂಬಿ ಮೆಷಿನ್ ಬಿಡಬೇಡಿ.

ಅಯಸ್ಕಾಂತದ ಕ್ಲಿಪ್ಪು, ಉಂಗುರ, ಗೊರಕೆ ಹೊಡೆದಾಗ ಕೈಗೆ ಶಾಕ್ ಕೊಡುವ ಪಟ್ಟಿ, ಗದ್ದದ ಬೆಲ್ಟು ಇವಕ್ಕೆ ದುಡ್ಡು ಹಾಕಬೇಡಿ. ಕೊನೆಯದು ಒಂಟಿಯಾಗಿ ನಿಷ್ಪ್ರಯೋಜಕ, ಮೆಷಿನ್ ಜೊತೆ ಕೆಲವರಿಗೆ ಬೇಕಾಗುತ್ತದೆ.

ಸಿಪ್ಯಾಪ್ ಮೆಷಿನ್ ತಂದರೂ ಸರಿಹೋಗದಿದ್ದರೆ

1981ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಮೂಗಿಗೆ ಮಾಸ್ಕ್ ಹಾಕಿ ಮೆಲ್ಲನೆ ಗಾಳಿ ಒತ್ತಿ ಗಂಟಲು ತೆರೆದಿಡಬಹುದು ಅಂತ ತೋರಿಸಿದರು. ಮಧ್ಯಮ, ತೀವ್ರ ಆ್ಯಪ್ನಿಯಾಕ್ಕೆ ಇವತ್ತಿಗೂ ಮೊದಲ ಚಿಕಿತ್ಸೆ ಅದೇ. ಇಷ್ಟು ದುಡ್ಡು ಕೊಟ್ಟು ತಂದ ಮೆಷಿನ್ನುಗಳು ಬೀರುವಿನ ಮೇಲೆ ಧೂಳು ಹಿಡಿದು ಕೂತಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೆಷಿನ್ ಕೆಟ್ಟು ಅಲ್ಲ, ಚಿಕ್ಕಪುಟ್ಟ ತೊಂದರೆಗೆ ಯಾರೂ ದಾರಿ ಹೇಳದೆ. ಸಾಧ್ಯವಿದ್ದರೆ ಮೊದಲು ಒಂದು ತಿಂಗಳು ಬಾಡಿಗೆಗೆ ತನ್ನಿ.

ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿದ್ದರೆ ಮಾಸ್ಕನ್ನು ಕೂತು ಹಾಕಿಕೊಂಡಿದ್ದೀರಿ ಅಂತ ಅರ್ಥ. ಮಲಗಿದಾಗ ಮುಖದ ಆಕಾರ ಬದಲಾಗುತ್ತದೆ. ಮೆಷಿನ್ ಆನ್ ಮಾಡಿ, ಮಲಗಿಕೊಂಡು, ಮಾಸ್ಕನ್ನು ಮುಖದಿಂದ ಒಮ್ಮೆ ಮುಂದೆಳೆದು ಬಿಡಿ, ಮೆತ್ತೆ ಗಾಳಿ ತುಂಬಿಕೊಂಡು ಕೂರುತ್ತದೆ. ಆಮೇಲೆ ಪಟ್ಟಿ ಸರಿಮಾಡಿ. ಬಿಗಿ ಮಾಡಿದಷ್ಟೂ ಸೋರಿಕೆ ಹೆಚ್ಚು. ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು. ದಪ್ಪ ಮೀಸೆ ಇರುವವರಿಗೆ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕ್ ಒಳ್ಳೆಯದು, ಮೀಸೆ ಬೋಳಿಸಬೇಕಾಗಿಲ್ಲ. ಸಿಲಿಕಾನ್ ಮೆತ್ತೆಯನ್ನು ದಿನಾ ಬೆಳಿಗ್ಗೆ ಸೌಮ್ಯ ಸೋಪಿನ ನೀರಲ್ಲಿ ತೊಳೆಯಿರಿ, ಮುಖದ ಎಣ್ಣೆ ಕೂತರೆ ಜಾರುತ್ತದೆ.

ಬಾಯಿ ಕಡ್ಡಿಯ ಹಾಗೆ ಒಣಗುತ್ತಿದ್ದರೆ ಗಾಳಿ ಮೂಗಿನಿಂದ ಹೋಗಿ ಬಾಯಿಂದ ಆಚೆ ಬರುತ್ತಿದೆ. ಮೊದಲು ಮೂಗು ಕಟ್ಟಿದೆಯಾ ನೋಡಿ, ಮೆಷಿನ್ ಗಾಳಿಗೆ ಸೇರಿಸುವ ತೇವದ ಮಟ್ಟ ಏರಿಸಿ, ಆಗದಿದ್ದರೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿಗೆ ಬದಲಾಯಿಸಿ. ತೇವದ ತೊಟ್ಟಿಗೆ ಬೋರ್ ನೀರು ಹಾಕಬೇಡಿ, ಎರಡೇ ವಾರದಲ್ಲಿ ತಳಕ್ಕೆ ಬಿಳಿ ಉಪ್ಪು ಕಟ್ಟುತ್ತದೆ. ಮೆಡಿಕಲ್ ಸ್ಟೋರಿನ ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದದ್ದನ್ನು ಬೆಳಿಗ್ಗೆ ಚೆಲ್ಲಿ.

ಪೈಪಿನಲ್ಲಿ ನೀರು ಗುಳುಗುಳು ಅಂದರೆ ಕೋಣೆ ತಣ್ಣಗಿದೆ, ಬೆಚ್ಚನೆಯ ಹಬೆ ಪೈಪಿನಲ್ಲೇ ನೀರಾಗುತ್ತಿದೆ. ಮಲೆನಾಡಿನ ಮಳೆಗಾಲದಲ್ಲಿ ಈ ದೂರು ಜಾಸ್ತಿ. ಮೆಷಿನ್ನನ್ನು ಹಾಸಿಗೆಗಿಂತ ಕೆಳಗಿಡಿ, ಪೈಪಿಗೆ ಉಣ್ಣೆ ಬಟ್ಟೆ ಸುತ್ತಿ, ತೇವ ಒಂದು ಅಂಕ ಇಳಿಸಿ. ಬೆಳಿಗ್ಗೆ ಹೊಟ್ಟೆ ಉಬ್ಬರಿಸಿ ತೇಗು ಬರುತ್ತಿದ್ದರೆ ಗಾಳಿ ನುಂಗುತ್ತಿದ್ದೀರಿ, ಒತ್ತಡ ಹೆಚ್ಚಾಗಿರಬಹುದು. ಒತ್ತಡವನ್ನು ನೀವೇ ತಿರುಗಿಸಬೇಡಿ, ರಾತ್ರಿಗಳ ದಾಖಲೆ ಇರುವ ಮೆಷಿನ್ನಿನ ಕಾರ್ಡು ತಂದು ತೋರಿಸಿ. ಹಾಕಿದ ತಕ್ಷಣ ಉಸಿರು ಕಟ್ಟಿದ ಹಾಗೆ ಭಯವಾದರೆ ಹಗಲು ಟಿ.ವಿ. ನೋಡುತ್ತ ಅರ್ಧ ಗಂಟೆ ಹಾಕಿ ಕೂರಿ, ಒಂದು ವಾರ. ರಾತ್ರಿ ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನ ಏರುವ ವ್ಯವಸ್ಥೆ ಮೆಷಿನ್ನಿನಲ್ಲೇ ಇದೆ, ಅದನ್ನು ಹಾಕಿಸಿಕೊಳ್ಳಿ. ಮಾಸ್ಕ್ ಹಾಕಿಯೂ ಗೊರಕೆ ಕೇಳಿದರೆ ಸೋರಿಕೆ ಇದೆ, ಇಲ್ಲವೇ ಒತ್ತಡ ಸಾಲದು.

ಕರೆಂಟು ಹೋದರೆ? ಮನೆಯ ಇನ್ವರ್ಟರ್ ಲೈನಿಗೆ ಸೇರಿಸಿ, ತೇವದ ಹೀಟರ್ ಆಫ್ ಮಾಡಿ. ಹೆಚ್ಚು ಕರೆಂಟು ಎಳೆಯುವುದು ಆ ಹೀಟರೇ. ಇನ್ವರ್ಟರ್ ಇಲ್ಲದಿದ್ದರೆ ಮೆಷಿನ್ ನಿಂತ ಕೂಡಲೇ ಮಾಸ್ಕ್ ತೆಗೆಯಿರಿ, ಅವತ್ತು ಮಗ್ಗುಲಾಗಿ ಮಲಗಿ.

ಲಾರಿ ಅಣ್ಣನಿಗೆ ಇದೇ ದೊಡ್ಡ ತೊಡಕಾಗಿತ್ತು, ವಾರದಲ್ಲಿ ಎರಡು ರಾತ್ರಿ ಅವರ ನಿದ್ದೆ ಕ್ಯಾಬಿನ್ನಿನಲ್ಲಿ. ಅವರ ಮೆಷಿನ್ನಿಗೆ ಹೊಂದುವ ಕನ್ವರ್ಟರ್ ಹುಡುಕಿ ಲಾರಿಯ ಬ್ಯಾಟರಿಗೆ ಸೇರಿಸಲು ನಮಗೆ ಮೂರು ವಾರ ಹಿಡಿಯಿತು. ಹೋದ ಸಲ ಕಾರ್ಡು ತಂದಾಗ ಅದರಲ್ಲಿ 52 ಇದ್ದದ್ದು 3 ಆಗಿತ್ತು, ದಿನಕ್ಕೆ ಸರಾಸರಿ ಆರು ಗಂಟೆ ಹಾಕಿದ್ದರು. ಮಂಗಳೂರಿಂದ ಬರುವಾಗ ಘಾಟಿ ಹತ್ತುವ ಮುಂಚೆ ಗುಂಡ್ಯದಲ್ಲಿ ಗಾಡಿ ಪಕ್ಕಕ್ಕೆ ಹಾಕಿ, ಮಾಸ್ಕ್ ಕಟ್ಟಿಕೊಂಡು ಮಲಗುತ್ತಾರಂತೆ. ‘ಈಗ ಇವ್ರು ಮನೇಲಿದ್ದಾಗ ನಾನೂ ಬೆಳಗಿನ ತಂಕ ಮಲಗ್ತೀನಿ ಅಣ್ಣಾ’ ಅಂದರು ಆಯಮ್ಮ.